ಮುಂಚಕ್ರದ ಬೇರಿಂಗ್ ಮನೆಯಲ್ಲೇ ಬದಲಿಸುವುದು: ಹೊಸದು ಮತ್ತೆ ಗುಂಯ್‌ಗುಡದಂತೆ ಕೂರಿಸುವ ಕ್ರಮ

ಹೊಸ ಬೇರಿಂಗ್ ಹಾಕಿ ತಿಂಗಳೂ ಆಗಿರುವುದಿಲ್ಲ, ಅದೇ ಗುಂಯ್ ಸದ್ದು ವಾಪಸ್. ಈ ಕೆಲಸಕ್ಕೆ ಸ್ವತಃ ಕೈಹಾಕಿದ ಬಹಳ ಮಂದಿಯ ದೂರು ಇದೇ. ಬೈಗುಳ ಬೇರಿಂಗ್ ಮಾರಿದವನಿಗೆ ಬೀಳುತ್ತದೆ, ತಪ್ಪು ಮಾತ್ರ ಹೆಚ್ಚಿನ ಸಲ ಒತ್ತಿ ಕೂರಿಸಿದ ರೀತಿಯಲ್ಲಿರುತ್ತದೆ. ಒತ್ತಡ ರಿಂಗಿನ ಮೇಲೆ ನೇರವಾಗಿ ಬೀಳದೆ ಒಳಗಿನ ಗುಂಡುಗಳ ಮೂಲಕ ಹಾದುಹೋದರೆ, ಗುಂಡುಗಳು ತಾವು ಓಡುವ ಹಾದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿ ಒತ್ತಿಬಿಡುತ್ತವೆ. ಅಂದು ಸದ್ದಿಲ್ಲ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಆ ಗುಳಿಗಳೇ ಹಾಡಲು ಶುರುಮಾಡುತ್ತವೆ.

ಆದ್ದರಿಂದ ಬಿಚ್ಚುವ ಭಾಗಕ್ಕಿಂತ ಒತ್ತುವ ಭಾಗದ ಬಗ್ಗೆ ಇಲ್ಲಿ ಹೆಚ್ಚು ಬರೆದಿದೆ. ಕ್ರಮ ಅನ್ವಯಿಸುವುದು ಆಲ್ಟೊ, ವ್ಯಾಗನಾರ್, ಸ್ವಿಫ್ಟ್, ಸ್ಯಾಂಟ್ರೊ, ಐ10 ತರಹದ, ಎಂಜಿನ್ ಮುಂಚಕ್ರವನ್ನೇ ತಿರುಗಿಸುವ ಸಣ್ಣ ಕಾರುಗಳಿಗೆ. ಇವುಗಳಲ್ಲಿ ಬೇರಿಂಗ್ ನಕಲ್ (ಸ್ಟಿಯರಿಂಗ್ ಜೊತೆ ತಿರುಗುವ, ಚಕ್ರವನ್ನು ಹೊತ್ತ ಲೋಹದ ಭಾಗ) ಒಳಗೆ ಬಿಗಿಯಾಗಿ ಕೂತಿರುತ್ತದೆ, ಹಬ್ (ಚಕ್ರ ಬಿಗಿಯುವ, ಅದರ ಜೊತೆ ಸುತ್ತುವ ಭಾಗ) ಆ ಬೇರಿಂಗಿನ ಒಳಗೆ ಬಿಗಿಯಾಗಿ ಕೂತಿರುತ್ತದೆ. ಹಬ್ ಮತ್ತು ಬೇರಿಂಗ್ ಒಂದೇ ಗಟ್ಟಿಯಾಗಿ ಬೋಲ್ಟಿನಲ್ಲಿ ಕೂರುವ ಕಾರು ನಿಮ್ಮದಾಗಿದ್ದರೆ ಪ್ರೆಸ್ಸಿನ (ಒತ್ತುವ ಯಂತ್ರದ) ತಲೆನೋವೇ ಇಲ್ಲ. ಹಂತ 6ರಿಂದ 9 ಬಿಟ್ಟುಬಿಡಿ. ಹಳೆಯ ಜೀಪುಗಳ ಟೇಪರ್ ರೋಲರ್ ಬೇರಿಂಗಿನ ವಿಚಾರವೇ ಬೇರೆ, ಈ ಬರಹ ಅದಕ್ಕಲ್ಲ.

## 1. ಬೇರಿಂಗೇ ಹೋಗಿದೆಯೇ? ಮೊದಲು ಖಚಿತಪಡಿಸಿಕೊಳ್ಳಿ

ಬೇರಿಂಗಿನ ಸದ್ದು ವೇಗದ ಜೊತೆ ಏರುತ್ತದೆ, ಗೇರ್ ಅಥವಾ ಎಂಜಿನ್ ಓಟಕ್ಕೆ ಸಂಬಂಧಪಡುವುದಿಲ್ಲ. 60ರಲ್ಲಿ ಕ್ಲಚ್ ಒತ್ತಿ ಎಂಜಿನ್ ಓಟ ಇಳಿಸಿದರೂ ಗುಂಯ್ ಹಾಗೇ ಇದ್ದರೆ ಸದ್ದು ಚಕ್ರದ ಕಡೆಯದು. ಖಾಲಿ ರಸ್ತೆಯಲ್ಲಿ ಸ್ಟಿಯರಿಂಗನ್ನು ನಿಧಾನವಾಗಿ ಎಡಬಲ ತೂಗಿಸಿ ನೋಡಿ. ಬಲಕ್ಕೆ ತಿರುಗಿದಾಗ ಗಾಡಿಯ ಭಾರ ಎಡಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಜೋರಾದರೆ ಅನುಮಾನ ಎಡಬದಿಯ ಮೇಲೆ. ಎಡಕ್ಕೆ ತಿರುಗಿದಾಗ ಜೋರಾದರೆ ಬಲಬದಿ. ಇದು ಒಳ್ಳೆಯ ಸುಳಿವು, ಆದರೆ ತೀರ್ಪಲ್ಲ.

ಎರಡು ಮೋಸಗಾರರಿದ್ದಾರೆ. ಒಂದು, ಅಲೆಅಲೆಯಾಗಿ ಸವೆದ ಟೈರು. ಟೈರಿನ ಸದ್ದು ಡಾಂಬರಿನಿಂದ ಕಾಂಕ್ರೀಟಿಗೆ ಹೋದಾಗ ಬದಲಾಗುತ್ತದೆ, ಬೇರಿಂಗಿನದು ಬದಲಾಗುವುದಿಲ್ಲ. ಅನುಮಾನವಿದ್ದರೆ ಮುಂದಿನ ಚಕ್ರಗಳನ್ನು ಹಿಂದಕ್ಕೆ ಹಾಕಿ ಓಡಿಸಿ. ಸದ್ದೂ ಹಿಂದೆ ಹೋದರೆ ಒಂದು ಬೇರಿಂಗಿನ ದುಡ್ಡು ಉಳಿಯಿತು. ಎರಡು, ಸಿವಿ ಜಾಯಿಂಟ್, ಅಂದರೆ ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟಿನ ಬಾಗುವ ಕೀಲು. ಅದು ಗುಂಯ್‌ಗುಡುವುದಿಲ್ಲ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಮುಂದೆ ಹೋಗುವಾಗ ಟಕ್ ಟಕ್ ಎನ್ನುತ್ತದೆ.

ನಂತರ ಚಕ್ರ ಎತ್ತಿ ಪರೀಕ್ಷಿಸಿ. ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಾಡಿಸಿ. ಪ್ಲೇ (ಸಡಿಲ ಅಲುಗಾಟ) ಕಂಡರೆ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೆ ಅಲುಗಾಡಿಸಿ. ಬ್ರೇಕ್ ಒತ್ತಿದಾಗ ಪ್ಲೇ ಮಾಯವಾದರೆ ಬೇರಿಂಗ್. ಆಗಲೂ ಉಳಿದರೆ ಬಾಲ್ ಜಾಯಿಂಟ್ (ನಕಲ್ ಕೆಳಗಿನ ಗುಂಡುಕೀಲು) ಅಥವಾ ಸಸ್ಪೆನ್ಶನ್ ನೋಡಿ. 3 ಮತ್ತು 9ರ ಜಾಗದಲ್ಲಿ ಮಾತ್ರ ಪ್ಲೇ ಇದ್ದರೆ ಟೈ ರಾಡ್ ಎಂಡ್ (ನಕಲನ್ನು ತಿರುಗಿಸುವ ಸ್ಟಿಯರಿಂಗ್ ಕಡ್ಡಿಯ ತುದಿ) ಕಡೆ ಗಮನ ಹೋಗಲಿ. ಪ್ಲೇ ಇಲ್ಲದೆಯೂ ಬೇರಿಂಗ್ ಕೆಟ್ಟಿರುವುದುಂಟು. ಆಗ ಒಂದು ಕೈಯಲ್ಲಿ ಸಸ್ಪೆನ್ಶನ್ ಸ್ಪ್ರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ. ಕೆಟ್ಟ ಬೇರಿಂಗಿನ ಗರಗರ ಸ್ಪ್ರಿಂಗಿನಲ್ಲಿ ಬೆರಳಿಗೆ ನೇರವಾಗಿ ಸಿಗುತ್ತದೆ, ಕಿವಿಗಿಂತ ಸ್ಪಷ್ಟವಾಗಿ. ಎರಡೂ ಬದಿ ಹೋಲಿಸಿ ನೋಡಿದರೆ ಗೊಂದಲ ಉಳಿಯುವುದಿಲ್ಲ.

ಕೆಟ್ಟ ಬದಿಯದನ್ನು ಮಾತ್ರ ಬದಲಿಸಿದರೆ ಸಾಕು. ಜೋಡಿಯಾಗಿ ಬದಲಿಸಲೇಬೇಕೆಂಬ ನಿಯಮ ಬ್ರೇಕ್ ಪ್ಯಾಡಿಗೆ, ಬೇರಿಂಗಿಗಲ್ಲ. ಮಳೆಗಾಲದಲ್ಲಿ ಅಂಡರ್‌ಪಾಸಿನ ನೀರಲ್ಲಿ ಹಬ್ ಮುಳುಗುವಷ್ಟು ಗಾಡಿ ನಿಂತಿದ್ದರೆ ಮಾತ್ರ ಎರಡನ್ನೂ ಅನುಮಾನಿಸಿ.

## 2. ಬಿಚ್ಚುವ ಮೊದಲು ಸಾಮಾನು ಕೈಲಿರಲಿ

ಬೇರಿಂಗಿನ ಜೊತೆ ಹೊಸ ಆಕ್ಸಲ್ ನಟ್ (ಚಕ್ರದ ನಡುವೆ ಶಾಫ್ಟಿನ ತುದಿಯ ದೊಡ್ಡ ನಟ್), ಹೊಸ ಸರ್ಕ್ಲಿಪ್ (ಬೇರಿಂಗ್ ಹೊರಬರದಂತೆ ತಡೆಯುವ ಸ್ಪ್ರಿಂಗ್ ಬಳೆ), ಟೈ ರಾಡಿಗೆ ಹೊಸ ಸ್ಪ್ಲಿಟ್ ಪಿನ್ (ನಟ್ ಸಡಿಲವಾಗದಂತೆ ತೂರಿಸಿ ಬಗ್ಗಿಸುವ ಸೀಳುಕಡ್ಡಿ) ತನ್ನಿ. ಕೆಲವು ಹಳೆಯ ಮಾದರಿಗಳಲ್ಲಿ ಬೇರಿಂಗಿನ ಎರಡೂ ಕಡೆ ಪ್ರತ್ಯೇಕ ಆಯಿಲ್ ಸೀಲ್ ಇರುತ್ತದೆ, ಅವನ್ನೂ ಬದಲಿಸಬೇಕು.

ಬೇರಿಂಗಿನ ಮೇಲಿರುವ ಸಂಖ್ಯೆ ಓದಲು ಕಲಿತರೆ ಅಂಗಡಿಯಲ್ಲಿ ಮೋಸಹೋಗುವುದಿಲ್ಲ. ಡಿಎಸಿ 35640037 ಎಂದಿದ್ದರೆ ಒಳವ್ಯಾಸ 35 ಎಂ.ಎಂ., ಹೊರವ್ಯಾಸ 64, ಅಗಲ 37. ಡಿಎಸಿ 34640037 ಎಂಬುದೂ ಇದೆ: ಹೊರಗಿನಿಂದ ನೋಡಲು ಅದೇ, ನಕಲ್ ಒಳಗೆ ಸಲೀಸಾಗಿ ಕೂರುತ್ತದೆ, ಒಳತೂತು ಮಾತ್ರ 1 ಎಂ.ಎಂ. ಕಡಿಮೆ. ನಕಲಿಗೆ ಒತ್ತಿಯಾದ ಮೇಲೆ ಹಬ್ ಹೋಗುತ್ತಿಲ್ಲವೆಂದು ಗೊತ್ತಾದರೆ ಆ ಬೇರಿಂಗ್ ತೆಗೆಯುವಷ್ಟರಲ್ಲಿ ಹಾಳಾಗಿರುತ್ತದೆ. ಕಾರಿನ ಮಾದರಿ, ವರ್ಷ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇದೆಯೇ ಇಲ್ಲವೇ, ಮೂರನ್ನೂ ಹೇಳಿ ಪಾರ್ಟ್ ನಂಬರಿನ ಮೇಲೆ ಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಆಟೊಮೊಬೈಲ್ ಅಂಗಡಿಯಲ್ಲಾಗಲಿ ದೊಡ್ಡ ಹೆಸರಿನ ಡಬ್ಬಿ ತೀರಾ ಅಗ್ಗಕ್ಕೆ ಸಿಕ್ಕರೆ ಖುಷಿಪಡಬೇಡಿ. ಒಳಗಿರುವುದು ನಕಲಿಯಾಗಿರಬಹುದು. ಬಿಲ್ ಕೊಡುವ ಅಂಗಡಿಯಲ್ಲೇ ತೆಗೆದುಕೊಳ್ಳಿ.

ಉಪಕರಣಗಳಲ್ಲಿ ರಾಜಿ ಬೇಡದವು: ಹೈಡ್ರಾಲಿಕ್ ಜಾಕ್, ಒಂದಾದರೂ ಜಾಕ್ ಸ್ಟ್ಯಾಂಡ್, ಚಕ್ರಕ್ಕೆ ಅಡ್ಡಗಲ್ಲು ಅಥವಾ ಮರದ ತುಂಡು, ಆಕ್ಸಲ್ ನಟ್‌ಗೆ ಹೊಂದುವ ಆಳದ ಸಾಕೆಟ್ (ಸಾಮಾನ್ಯವಾಗಿ 30 ಅಥವಾ 32 ಎಂ.ಎಂ., ಕೊಳ್ಳುವ ಮೊದಲು ನಟ್ ಅಳೆಯಿರಿ), ಅರ್ಧ ಇಂಚಿನ ಗಟ್ಟಿ ಬ್ರೇಕರ್ ಬಾರ್, ಅದಕ್ಕೆ ತೂರಿಸಲು ಒಂದು ಮೀಟರ್ ಪೈಪು, 250 ನ್ಯೂಟನ್ ಮೀಟರ್‌ವರೆಗಾದರೂ ಬಿಗಿತ ಅಳೆಯುವ ಟಾರ್ಕ್ ರೆಂಚ್, ಒಳಸರ್ಕ್ಲಿಪ್ಪಿನ ಪ್ಲೈಯರ್, ಬಾಲ್ ಜಾಯಿಂಟ್ ಪುಲ್ಲರ್, ಒಂದು ಕೆಜಿ ಸುತ್ತಿಗೆ, ಮೊನಚು ಉಳಿ, ಕಟ್ಟುತಂತಿ, ಕಣ್ಣಿಗೆ ರಕ್ಷಣೆಯ ಕನ್ನಡಕ. ಉಳಿದಂತೆ 10ರಿಂದ 19ರವರೆಗಿನ ಸಾಕೆಟ್ ಮತ್ತು ಪಾನಾಗಳು.

ಪ್ರೆಸ್ ಇಲ್ಲದವರು ಚಿಂತಿಸಬೇಕಿಲ್ಲ. ಮನೆಯಲ್ಲಿ ನಕಲ್ ಬಿಚ್ಚಿ, ಹತ್ತಿರದ ಲೇತ್ ಅಂಗಡಿಯಲ್ಲಿ ಒತ್ತಿಸಿಕೊಂಡು ಬಂದು, ಮನೆಯಲ್ಲೇ ಜೋಡಿಸುವುದು ಮೊದಲ ಸಲಕ್ಕೆ ಅತ್ಯಂತ ಜಾಣ ದಾರಿ. ಥ್ರೆಡ್ ರಾಡ್ ಮತ್ತು ಬಟ್ಟಲುಗಳ ಪುಲ್ಲರ್ ಕಿಟ್‌ನಲ್ಲೂ ಆಗುತ್ತದೆ, ಆದರೆ ಥ್ರೆಡ್ಡಿಗೆ ಚೆನ್ನಾಗಿ ಗ್ರೀಸ್ ಹಚ್ಚಿರಬೇಕು. ಅಂಗಡಿಯ ಸಾಧಾರಣ ಥ್ರೆಡ್ ರಾಡ್ ತಂದು ಪ್ರಯೋಗ ಮಾಡಬೇಡಿ. ಅದು ಅರ್ಧದಲ್ಲಿ ಹಿಗ್ಗಿ ಥ್ರೆಡ್ ಕಿತ್ತುಕೊಳ್ಳುತ್ತದೆ. ಮೊದಲ ಬದಿಗೆ ಇಡೀ ಒಂದು ದಿನ ಇಟ್ಟುಕೊಳ್ಳಿ, ಅದೂ ಅಂಗಡಿ ತೆರೆದಿರುವ ದಿನ. ಭಾನುವಾರ ಬಿಚ್ಚಿ ಕೂತರೆ ಒಂದು ಸರ್ಕ್ಲಿಪ್ಪಿಗಾಗಿ ಸೋಮವಾರದವರೆಗೆ ಗಾಡಿ ಕಲ್ಲಿನ ಮೇಲೆ.

## 3. ಚಕ್ರ ನೆಲದಲ್ಲಿರುವಾಗಲೇ ಆಕ್ಸಲ್ ನಟ್ ಸಡಿಲಿಸಿ

ಸಮತಟ್ಟಾದ ಗಟ್ಟಿ ನೆಲ, ಹ್ಯಾಂಡ್ ಬ್ರೇಕ್, ಒಂದನೇ ಗೇರ್, ಹಿಂಚಕ್ರಗಳಿಗೆ ಎರಡೂ ಕಡೆಯಿಂದ ಅಡ್ಡ. ಚಕ್ರದ ನಡುವಿನ ಮುಚ್ಚಳ ತೆಗೆದರೆ ನಟ್ ಕಾಣುತ್ತದೆ. ಕೆಲವದರಲ್ಲಿ ಸ್ಪ್ಲಿಟ್ ಪಿನ್ ಇರುತ್ತದೆ. ಅದನ್ನು ಎಳೆದು ತೆಗೆಯಿರಿ. ಇನ್ನು ಕೆಲವದರಲ್ಲಿ ನಟ್ಟಿನ ಅಂಚನ್ನು ಶಾಫ್ಟಿನ ತೋಡಿನೊಳಗೆ ಬಡಿದು ಮಡಚಿರುತ್ತಾರೆ. ಆ ಮಡಿಕೆಯನ್ನು ಮೊನಚು ಉಳಿಯಿಂದ ಪೂರ್ತಿ ಮೇಲೆತ್ತಿ. ಇದನ್ನು ಬಿಟ್ಟು ನಟ್ ತಿರುಗಿಸಿದರೆ ಮಡಿಕೆ ಶಾಫ್ಟಿನ ಥ್ರೆಡ್ಡನ್ನು ಕೆರೆದು ಹಾಕುತ್ತದೆ, ಆಮೇಲೆ ಇಡೀ ಡ್ರೈವ್ ಶಾಫ್ಟ್ ಬದಲಿಸಬೇಕಾದ ಗತಿ.

ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಬ್ರೇಕರ್ ಬಾರಿಗೆ ಪೈಪು ತೂರಿಸಿ ಕೆಳಮುಖವಾಗಿ ಭಾರ ಬಿಡಿ. 60 ಕೆಜಿಯ ಮನುಷ್ಯ ಒಂದು ಮೀಟರ್ ದೂರದಲ್ಲಿ ಭಾರ ಬಿಟ್ಟರೆ ಸುಮಾರು 590 ನ್ಯೂಟನ್ ಮೀಟರ್ ಬೀಳುತ್ತದೆ. ತುಕ್ಕು ಹಿಡಿದ ನಟ್ಟಿಗೂ ಅಷ್ಟು ಸಾಕು. ಕುಣಿದು ತುಳಿಯಬೇಡಿ, ಸಾಕೆಟ್ ಜಾರಿದರೆ ಮೊಣಕಾಲಿಗೆ ಪೆಟ್ಟು.

ನಟ್ ಒಂದು ಸುತ್ತು ಸಡಿಲವಾದರೆ ನಿಲ್ಲಿಸಿ. ಹಾಗೇ ಚಕ್ರದ ನಟ್‌ಗಳನ್ನೂ ಅರ್ಧ ಸುತ್ತು ಬಿಡಿಸಿ. ಒಂದು ಎಚ್ಚರಿಕೆ: ಆಕ್ಸಲ್ ನಟ್ ಸಡಿಲವಿರುವಾಗ ಗಾಡಿ ಒಂದಡಿಯೂ ಉರುಳಬಾರದು. ಬೇರಿಂಗಿನ ಎರಡು ಒಳರಿಂಗುಗಳನ್ನು ಒತ್ತಿ ಹಿಡಿದಿರುವುದು ಇದೇ ನಟ್. ಅದಿಲ್ಲದೆ ಗಾಡಿಯ ಭಾರ ಬಿದ್ದರೆ ಗುಂಡುಗಳು ರಿಂಗಿನ ಅಂಚಿಗೆ ಒರಗುತ್ತವೆ. ಹಳೆಯ ಬೇರಿಂಗ್ ಹೇಗೂ ಗುಜರಿಗೆ ಹೋಗುವುದು, ಆದರೆ ಚೆನ್ನಾಗಿರುವ ಬದಿಯ ನಟ್ಟನ್ನು ಕುತೂಹಲಕ್ಕೆ ಸಡಿಲಿಸಿ ಗಾಡಿ ತಳ್ಳಿದವರು ಅದನ್ನೂ ಕೆಡಿಸಿಕೊಳ್ಳುತ್ತಾರೆ.

## 4. ಎತ್ತಿ, ಬ್ರೇಕ್ ಬಿಚ್ಚಿ

ಜಾಕಿನಿಂದ ಎತ್ತಿದ ಕೂಡಲೇ ಸ್ಟ್ಯಾಂಡ್ ಕೊಡಿ. ಬಿಚ್ಚಿದ ಚಕ್ರವನ್ನು ಬಾಗಿಲ ಕೆಳಗಿನ ಅಂಚಿನಡಿ ಮಲಗಿಸಿ. ಸ್ಟ್ಯಾಂಡ್ ಕೈಕೊಟ್ಟರೆ ಗಾಡಿ ಚಕ್ರದ ಮೇಲೆ ಕೂರುತ್ತದೆ, ನಿಮ್ಮ ಮೇಲಲ್ಲ.

ಕ್ಯಾಲಿಪರನ್ನು (ಡಿಸ್ಕನ್ನು ಅದುಮಿ ಹಿಡಿಯುವ ಬ್ರೇಕ್ ಭಾಗ) ಅದರ ಬ್ರಾಕೆಟ್ ಸಮೇತ, ಹಿಂದಿನ ಎರಡು ದೊಡ್ಡ ಬೋಲ್ಟ್ ಬಿಚ್ಚಿ ಇಳಿಸಿ. ಬ್ರೇಕ್ ಪೈಪ್ ಬಿಚ್ಚುವ ಅಗತ್ಯವಿಲ್ಲ. ಕ್ಯಾಲಿಪರನ್ನು ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿ. ರಬ್ಬರ್ ಹೋಸಿನಲ್ಲಿ ಜೋತಾಡಲು ಬಿಟ್ಟರೆ ಹೋಸಿನ ಒಳಪದರ ಬಿರುಕುಬಿಟ್ಟು, ತಿಂಗಳುಗಳ ನಂತರ ಬ್ರೇಕ್ ಹಿಡಿದುಕೊಳ್ಳುವ ಹೊಸ ಕಾಯಿಲೆ ಬರುತ್ತದೆ. ಇಳಿಸಿದ ಮೇಲೆ ಯಾರೂ ಬ್ರೇಕ್ ಪೆಡಲ್ ಮುಟ್ಟದಂತೆ ನೋಡಿಕೊಳ್ಳಿ. ಪಿಸ್ಟನ್ ಹೊರಗೆ ಬಂದೀತು.

ಡಿಸ್ಕ್ ಅಂಟಿಕೊಂಡಿದ್ದರೆ ಹಿಂದಿನಿಂದ ಬಡಿಯಬೇಡಿ. ಮಾರುತಿ ಡಿಸ್ಕ್‌ಗಳಲ್ಲಿ ಎರಡು ಥ್ರೆಡ್ ತೂತುಗಳಿರುತ್ತವೆ. ಅವಕ್ಕೆ 8 ಎಂ.ಎಂ. ಬೋಲ್ಟ್ ಹಾಕಿ ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿಸುತ್ತ ಹೋದರೆ ಡಿಸ್ಕ್ ತಾನೇ ಮುಂದೆ ಬರುತ್ತದೆ. ಬ್ರೇಕಿನ ಧೂಳನ್ನು ಬಾಯಲ್ಲಿ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಎಬಿಎಸ್ ಸೆನ್ಸರ್ ಇದ್ದರೆ ಅದರ ಒಂದು ಬೋಲ್ಟ್ ತೆಗೆದು, ಸುತ್ತ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಹತ್ತು ನಿಮಿಷ ಬಿಟ್ಟು, ಅತ್ತಿತ್ತ ತಿರುಗಿಸುತ್ತ ಎಳೆಯಿರಿ. ಸ್ಕ್ರೂಡ್ರೈವರಿನಿಂದ ಮೀಟಿದರೆ ಪ್ಲಾಸ್ಟಿಕ್ ತಲೆ ಮುರಿದು ಉಳಿದರ್ಧ ನಕಲಿನಲ್ಲೇ ಉಳಿಯುತ್ತದೆ. ಬಿಡದಿದ್ದರೆ ಇಂದು ಸಂಜೆ ಮತ್ತೆ ಸ್ಪ್ರೇ ಹೊಡೆದು ನಾಳೆ ನೋಡಿ. ಸೆನ್ಸರಿನ ಬೆಲೆ ಬೇರಿಂಗನ್ನೂ ಮೀರುವುದುಂಟು.

## 5. ನಕಲ್ ಇಳಿಸುವುದು

ಇಲ್ಲಿ ಕ್ರಮ ಮುಖ್ಯ. ಮೊದಲು ಟೈ ರಾಡ್ ಎಂಡ್: ಸ್ಪ್ಲಿಟ್ ಪಿನ್ ತೆಗೆದು, ನಟ್ಟನ್ನು ಥ್ರೆಡ್ಡಿನ ತುದಿಗೆ ತಂದು ನಿಲ್ಲಿಸಿ, ಪುಲ್ಲರ್ ಹಾಕಿ ಬಿಗಿಸಿ. ಟಪ್ ಎಂದು ಬಿಡುತ್ತದೆ. ಪುಲ್ಲರ್ ಇಲ್ಲದಿದ್ದರೆ ನಕಲಿನ ಕಣ್ಣಿನ ಪಕ್ಕಕ್ಕೆ ಸುತ್ತಿಗೆಯ ಗಟ್ಟಿ ಏಟು ಕೊಡಿ. ಥ್ರೆಡ್ಡಿನ ತುದಿಗೆ ಬಡಿದರೆ ಅದು ಅಣಬೆಯಂತೆ ಅರಳಿ ನಟ್ ಹೊರಬರುವುದಿಲ್ಲ.

ಸ್ಟ್ರಟ್ (ಸ್ಪ್ರಿಂಗ್ ಹೊತ್ತ ಶಾಕ್ ಅಬ್ಸಾರ್ಬರ್) ಅನ್ನು ನಕಲಿಗೆ ಹಿಡಿದಿರುವ ಎರಡು ಬೋಲ್ಟ್‌ಗಳ ಸುತ್ತ, ನಕಲ್ ಮತ್ತು ಬ್ರಾಕೆಟ್ ಸೇರುವಲ್ಲಿ, ಉಳಿಯ ತುದಿಯಿಂದ ಗೀರು ಹಾಕಿ ಗುರುತು ಮಾಡಿ. ಈಗ ಸಡಿಲಿಸಿ ಬಿಡಿ, ಎಳೆಯಬೇಡಿ. ನಂತರ ಲೋವರ್ ಬಾಲ್ ಜಾಯಿಂಟ್. ಮಾರುತಿ ಸಣ್ಣ ಕಾರುಗಳಲ್ಲಿ ಅದರ ಕಡ್ಡಿಯನ್ನು ನಕಲ್ ಒಂದು ಅಡ್ಡಬೋಲ್ಟಿನಿಂದ ಹಿಡಿದಿರುತ್ತದೆ. ಆ ಬೋಲ್ಟ್ ಕಡ್ಡಿಯ ತೋಡಿನೊಳಗೆ ಹಾದುಹೋಗುವುದರಿಂದ ಸಡಿಲಿಸಿದರೆ ಸಾಲದು, ಪೂರ್ತಿ ಹೊರಗೆಳೆಯಬೇಕು. ಎಷ್ಟೋ ಮಂದಿ ಬೋಲ್ಟ್ ಅರ್ಧ ಒಳಗಿರುವಾಗಲೇ ಸಸ್ಪೆನ್ಶನ್ನಿನ ಕೆಳಗಿನ ಆರ್ಮ್ ಮೇಲೆ ಹಾರೆ ಹಾಕಿ ಮೀಟಿ ರಬ್ಬರ್ ಬೂಟ್ ಹರಿಯುತ್ತಾರೆ.

ಡ್ರೈವ್ ಶಾಫ್ಟ್ ಬಿಡಿಸಲು ಆಕ್ಸಲ್ ನಟ್ಟನ್ನು ಶಾಫ್ಟಿನ ತುದಿಗೆ ಸಮನಾಗಿ ತಂದು, ಮೇಲೆ ಮರದ ತುಂಡಿಟ್ಟು ಬಡಿಯಿರಿ. ಒಳಸರಿದ ಮೇಲೆ ನಟ್ ತೆಗೆದು, ಸ್ಟ್ರಟ್ ಬೋಲ್ಟ್ ಎಳೆದು ನಕಲನ್ನು ಕೈಗೆ ತೆಗೆದುಕೊಳ್ಳಿ. ಶಾಫ್ಟನ್ನು ಹೊರಕ್ಕೆ ಜಗ್ಗಬೇಡಿ, ಗೇರ್‌ಬಾಕ್ಸ್ ಕಡೆಯ ಜಾಯಿಂಟ್ ಒಳಗೇ ಕಳಚಿಕೊಳ್ಳುತ್ತದೆ. ಅದನ್ನೂ ತಂತಿಯಲ್ಲಿ ಸಮನಾಗಿ ಕಟ್ಟಿ ನಿಲ್ಲಿಸಿ.

## 6. ಒತ್ತುವ ಮೊದಲು ತಲೆಯಲ್ಲಿರಬೇಕಾದ ಒಂದೇ ಲೆಕ್ಕ

ಯಾವ ರಿಂಗ್ ಬಿಗಿಯಾಗಿ ಹೋಗಬೇಕೋ ಆ ರಿಂಗಿಗೇ ಒತ್ತಡ.

ನಕಲಿನೊಳಗೆ ಬಿಗಿಯಾಗುವುದು ಹೊರರಿಂಗ್. ಆದ್ದರಿಂದ ಬೇರಿಂಗನ್ನು ನಕಲಿಗೆ ತೂರಿಸುವಾಗ ಹೊರರಿಂಗನ್ನು ಮಾತ್ರ ಒತ್ತಬೇಕು. ಹಬ್ಬಿನ ಮೇಲೆ ಬಿಗಿಯಾಗುವುದು ಒಳರಿಂಗ್. ಆದ್ದರಿಂದ ಹಬ್ಬನ್ನು ತೂರಿಸುವಾಗ ಒಳರಿಂಗಿಗೆ ಹಿಂದಿನಿಂದ ಆಸರೆ ಇರಬೇಕು. ಎರಡನೆಯದರಲ್ಲೇ ಎಲ್ಲರೂ ಎಡವುವುದು: ನಕಲನ್ನು ಪ್ರೆಸ್ಸಿನ ಮೇಜಿನ ಮೇಲೆ ಹಾಗೇ ಕೂರಿಸಿ ಮೇಲಿನಿಂದ ಹಬ್ ಒತ್ತುತ್ತಾರೆ. ಆಗ ಒತ್ತಡದ ದಾರಿ ಹೀಗಾಗುತ್ತದೆ: ಹಬ್, ಒಳರಿಂಗ್, ಗುಂಡುಗಳು, ಹೊರರಿಂಗ್, ನಕಲ್. ಟನ್‌ಗಟ್ಟಲೆ ಭಾರ ಸಾಸಿವೆಗಿಂತ ಚಿಕ್ಕ ತಾಗುಬಿಂದುಗಳ ಮೇಲೆ. ಹೊಸ ಬೇರಿಂಗ್ ಅಲ್ಲೇ ಸತ್ತಿತು, ಸದ್ದು ಕೇಳಿಸುವುದಷ್ಟೇ ಬಾಕಿ.

ಲೇತ್ ಅಂಗಡಿಗೆ ಹೋಗುವವರು ಈ ಮಾತನ್ನು ಬಾಯಿಬಿಟ್ಟು ಹೇಳಿ: "ಅಣ್ಣಾ, ಹಬ್ ಒತ್ತೋವಾಗ ಕೆಳಗಡೆ ಒಳರಿಂಗಿಗೆ ಪೈಪ್ ಸಪೋರ್ಟ್ ಕೊಡಿ, ನಕಲ್ ಮೇಲೆ ಭಾರ ಬಿಡಬೇಡಿ." ಕೆಲಸ ಗೊತ್ತಿರುವವರು ಬೇಸರ ಮಾಡಿಕೊಳ್ಳುವುದಿಲ್ಲ. ಗೊತ್ತಿಲ್ಲದವರು ಯಾರೆಂದು ನಿಮಗೆ ಗೊತ್ತಾಗುತ್ತದೆ. ಮುಗಿಯುವವರೆಗೆ ಎದುರಿಗೇ ನಿಂತಿರಿ.

## 7. ಹಳೆಯದನ್ನು ತೆಗೆಯುವುದು

ನಕಲಿಗೆ ಎರಡು ಕಡೆ ಆಸರೆ ಕೊಟ್ಟು ಹಬ್ಬನ್ನು ಹಿಂದಿನಿಂದ ಹೊರಕ್ಕೆ ಒತ್ತಿ. ಇಲ್ಲಿ ಬೇರಿಂಗಿನ ಚಿಂತೆ ಇಲ್ಲ, ಅದು ಹೇಗೂ ಹೋಗುವುದು. ಹಬ್ ಸಾಮಾನ್ಯವಾಗಿ ಬರಿಗೈಯಲ್ಲಿ ಬರುವುದಿಲ್ಲ: ಹೊರಭಾಗದ ಒಳರಿಂಗನ್ನು ಕುತ್ತಿಗೆಯಲ್ಲಿ ಕಟ್ಟಿಕೊಂಡೇ ಬರುತ್ತದೆ. ತೆಳು ಬಾಯಿಯ ಬೇರಿಂಗ್ ಪುಲ್ಲರ್ ಇದ್ದರೆ ಹಿಡಿದೆಳೆಯಿರಿ. ಇಲ್ಲದಿದ್ದರೆ ಗ್ರೈಂಡರಿನಲ್ಲಿ ರಿಂಗಿನ ಒಂದು ಕಡೆ ಓರೆಯಾಗಿ ಕೊರೆದು, ಮುಕ್ಕಾಲು ದಪ್ಪ ಹೋದ ಮೇಲೆ ನಿಲ್ಲಿಸಿ, ಆ ಕೊರಕಲಿಗೆ ಉಳಿಯಿಟ್ಟು ಒಂದೇ ಗಟ್ಟಿ ಏಟು. ರಿಂಗ್ ಗಾಜಿನಂತೆ ಸೀಳುತ್ತದೆ. ಕನ್ನಡಕ ಇಲ್ಲದೆ ಈ ಏಟು ಹೊಡೆಯಲೇಬೇಡಿ. ಪೂರ್ತಿ ಕೊರೆಯಲು ಹೋದರೆ ಗ್ರೈಂಡರ್ ಹಬ್ಬಿಗೆ ತಾಗುತ್ತದೆ. ಅದರ ಕುತ್ತಿಗೆಯಲ್ಲಿ ಬೆರಳುಗುರಿಗೆ ಸಿಗುವ ಗೀರು, ನೀಲಿಗಟ್ಟಿದ ಬಣ್ಣ, ಅಥವಾ ರಿಂಗ್ ಜಾರಿ ತಿರುಗಿದ ಹೊಳಪು ಪಟ್ಟಿ ಕಂಡರೆ ಹಬ್ಬೂ ಹೊಸದೇ ಬೇಕು.

ಈಗ ಸರ್ಕ್ಲಿಪ್. ಅದು ನಕಲಿನ ಯಾವ ಮುಖದಲ್ಲಿದೆ ನೋಡಿ. ಹಳೆಯ ಬೇರಿಂಗ್ ಹೊರಬರುವುದೂ ಹೊಸದು ಒಳಹೋಗುವುದೂ ಅದೇ ಬಾಯಿಂದ. ಎದುರು ಕಡೆ ನಕಲಿನಲ್ಲೇ ಅಂಚು ಇರುತ್ತದೆ. ಸರ್ಕ್ಲಿಪ್ ತೆಗೆಯಲು ಮರೆತು ಒತ್ತಿದವರು, ಅಥವಾ ಅಂಚಿನ ಕಡೆಗೆ ಒತ್ತಿದವರು ನಕಲ್ಲನ್ನೇ ಸೀಳಿಸಿದ್ದುಂಟು. ಪ್ರೆಸ್ ಅಸಹಜವಾಗಿ ಬಿಗಿಯಾಗುತ್ತಿದ್ದರೆ ಕೈ ತೆಗೆದು ಮತ್ತೊಮ್ಮೆ ಸುತ್ತ ನೋಡಿ. ಹಿಡಿದುಕೊಂಡ ಬೇರಿಂಗ್ ಬಿಡುವಾಗ ಬಂದೂಕಿನಂತೆ ಟಪಾರನೆ ಸದ್ದಾಗುತ್ತದೆ. ಗಾಬರಿ ಬೇಡ, ಪ್ರೆಸ್ಸಿನ ಎದುರಿಗೆ ಮಾತ್ರ ನಿಲ್ಲಬೇಡಿ.

ಖಾಲಿಯಾದ ತೂತನ್ನು ಒಣಬಟ್ಟೆಯಿಂದ ಒರೆಸಿ, ತುಕ್ಕಿನ ಕಲೆಗಳನ್ನು 400 ನಂಬರ್ ಎಮರಿ ಪೇಪರಿನಲ್ಲಿ ಹಗುರಾಗಿ ಉಜ್ಜಿ. ಸರ್ಕ್ಲಿಪ್ ಕೂರುವ ತೋಡಿನೊಳಗಿನ ಮಣ್ಣು, ತುಕ್ಕನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಸುತ್ತಲೂ ಕೆರೆದು ತೆಗೆಯಿರಿ. ಹೊಸ ಬೇರಿಂಗ್ ಕೈಯಲ್ಲೇ ಸಲೀಸಾಗಿ ಒಳಗೆ ಬಿದ್ದರೆ ನಕಲ್ ಸವೆದಿದೆ ಎಂದರ್ಥ. ಪಂಚಿನಿಂದ ಚುಕ್ಕೆ ಹೊಡೆದು ಬಿಗಿ ಮಾಡಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಬೇಡ. ಆ ಚುಕ್ಕೆಗಳು ಕೆಲವು ಗುಂಡಿ ಹಾರುವಷ್ಟರಲ್ಲಿ ಚಪ್ಪಟೆಯಾಗುತ್ತವೆ.

## 8. ಹೊಸ ಬೇರಿಂಗನ್ನು ನಕಲಿಗೆ ಒತ್ತುವುದು

ಬೇರಿಂಗಿನೊಳಗೆ ಗ್ರೀಸ್ ಮೊದಲೇ ತುಂಬಿ ಸೀಲ್ ಮಾಡಿರುತ್ತಾರೆ. ಸೀಮೆಎಣ್ಣೆಯಲ್ಲಿ ತೊಳೆಯುವುದು, ಸೀಲ್ ಎಬ್ಬಿಸಿ ಗ್ರೀಸ್ ತುರುಕುವುದು ಎರಡೂ ಬೇಡ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎರಡು ಗಂಟೆ ಫ್ರೀಜರಿನಲ್ಲಿಡಿ. 27 ಡಿಗ್ರಿಯಿಂದ ಮೈನಸ್ 18ಕ್ಕೆ ಇಳಿದಾಗ 64 ಎಂ.ಎಂ. ಉಕ್ಕು ಸುಮಾರು 0.03 ಎಂ.ಎಂ. ಕುಗ್ಗುತ್ತದೆ. ಕೇಳಲು ಏನೂ ಅಲ್ಲ, ಆದರೆ ಇಲ್ಲಿ ಬಿಗಿತವೇ ಎಂ.ಎಂ.ನ ನೂರರ ಭಾಗಗಳ ಲೆಕ್ಕದ್ದು. ಹೊರತೆಗೆದ ಕೂಡಲೇ ಮೇಲೆ ಕೂರುವ ನೀರಿನ ಪಸೆ ಒರೆಸಿ. ನಕಲನ್ನು ಹೇರ್ ಡ್ರೈಯರ್ ಅಥವಾ ಬಿಸಿಗಾಳಿ ಗನ್‌ನಿಂದ ಕೈ ಇಡಲಾಗದಷ್ಟು ಬಿಸಿ ಮಾಡಬಹುದು. ಗ್ಯಾಸ್ ಟಾರ್ಚ್ ಹಿಡಿಯಬೇಡಿ.

ಎಬಿಎಸ್ ಇರುವ ಹಲವು ಕಾರುಗಳಲ್ಲಿ ಬೇರಿಂಗಿನ ಒಂದು ಸೀಲಿನಲ್ಲೇ ಅಯಸ್ಕಾಂತದ ಪಟ್ಟಿ ಇರುತ್ತದೆ. ಆ ಮುಖ ಸೆನ್ಸರಿನ ಕಡೆಗೇ ಕೂರಬೇಕು. ಯಾವ ಮುಖವೆಂದು ತಿಳಿಯಲು ಒಂದು ಹಗುರ ಪೇಪರ್ ಕ್ಲಿಪ್ಪನ್ನು ಎರಡೂ ಸೀಲುಗಳಿಗೆ ತಾಗಿಸಿ. ಪಟ್ಟಿ ಇರುವ ಕಡೆ ಮೆಲ್ಲಗೆ ಅಂಟುತ್ತದೆ. ತಿರುವುಮುರುವಾಗಿ ಒತ್ತಿದರೆ ಗಾಡಿ ಓಡುತ್ತದೆ, ಎಬಿಎಸ್ ದೀಪ ಮಾತ್ರ ಆರುವುದಿಲ್ಲ, ಸರಿಪಡಿಸಲು ಇನ್ನೊಂದು ಬೇರಿಂಗೇ ಬೇಕು. ಈ ಮುಖವನ್ನು ಅಯಸ್ಕಾಂತದ ತಟ್ಟೆಯ ಮೇಲೆ, ಗ್ರೈಂಡರಿನ ಕಬ್ಬಿಣದ ಪುಡಿ ಇರುವಲ್ಲಿ ಇಡಬೇಡಿ.

ಒತ್ತಲು ಅತ್ಯುತ್ತಮ ಸಾಧನ ಹಳೆಯ ಬೇರಿಂಗಿನ ಹೊರರಿಂಗೇ. ಅದರ ಹೊರಮೈಯನ್ನು ಗ್ರೈಂಡರಿನಲ್ಲಿ ಸ್ವಲ್ಪ ಸವೆಸಿ, ಒಂದು ಕಡೆ ಅಡ್ಡ ಸೀಳು ಹಾಕಿಟ್ಟುಕೊಂಡರೆ ತೂತಿನೊಳಗೆ ಸಿಕ್ಕಿಕೊಳ್ಳುವುದಿಲ್ಲ. ತೂತಿಗೆ ಎಂಜಿನ್ ಆಯಿಲ್ ತೆಳುವಾಗಿ ಸವರಿ, ಬೇರಿಂಗನ್ನು ನೇರವಾಗಿ ಇಟ್ಟು, ಮೊದಲ ಎರಡು ಮೂರು ಎಂ.ಎಂ. ಅತಿ ನಿಧಾನವಾಗಿ ಒತ್ತಿ. ನಾಲ್ಕೂ ಕಡೆಯಿಂದ ಕಣ್ಣಳತೆಯಲ್ಲಿ ನೋಡಿ. ಒಂದು ಕಡೆ ವಾಲಿದ್ದರೆ ಮುಂದುವರಿಸಬೇಡಿ, ಹಿಂದಕ್ಕೆ ತೆಗೆದು ಮತ್ತೆ ಇಡಿ. ವಾಲಿದ ಬೇರಿಂಗ್ ನಕಲಿನ ಗೋಡೆಯನ್ನು ಕೆತ್ತಿಕೊಂಡೇ ಹೋಗುತ್ತದೆ. ಸುತ್ತಿಗೆಯಿಂದ ಸುತ್ತಲೂ ಬಡಿದು ಕೂರಿಸುವುದು ಮಾತ್ರ ಯಾವತ್ತೂ ಬೇಡ.

ತಳ ಮುಟ್ಟಿದಾಗ ಪ್ರೆಸ್ಸಿನ ಗಡಸು ಒಮ್ಮೆಗೇ ಏರುತ್ತದೆ. ಅಲ್ಲಿಗೆ ನಿಲ್ಲಿಸಿ. ಸರ್ಕ್ಲಿಪ್ ತೋಡು ಸುತ್ತಲೂ ಪೂರ್ತಿ ತೆರೆದು ಕಾಣಬೇಕು. ಅರ್ಧ ಮುಚ್ಚಿದ್ದರೆ ಬೇರಿಂಗ್ ಇನ್ನೂ ಕೂತಿಲ್ಲ. ಸರ್ಕ್ಲಿಪ್ ಹಾಕಿ, ತೋಡಿನೊಳಗೆ ಸುತ್ತಲೂ ಕೂತಿದೆಯೇ ಎಂದು ಸ್ಕ್ರೂಡ್ರೈವರ್ ತುದಿಯಿಂದ ತಳ್ಳಿ ನೋಡಿ. ಸೆನ್ಸರ್ ಅದೇ ಕಡೆ ಇದ್ದರೆ ಕ್ಲಿಪ್ಪಿನ ತೆರೆದ ಬಾಯಿ ಸೆನ್ಸರಿನ ಎದುರಿಗೇ ಬರಲಿ.

ಡಿಸ್ಕಿನ ಹಿಂದಿನ ತಗಡಿನ ಮುಚ್ಚಳ ಬಿಚ್ಚಿದ್ದರೆ ಅದನ್ನು ಈಗಲೇ ಹಾಕಿ. ಹಬ್ ಒತ್ತಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

## 9. ಹಬ್ ಒತ್ತುವುದು

ಬೇರಿಂಗಿನ ಹಿಂಭಾಗದ ಒಳರಿಂಗಿಗೆ ಮಾತ್ರ ತಾಗುವ ದಪ್ಪ ಪೈಪಿನ ತುಂಡನ್ನು ಪ್ರೆಸ್ಸಿನ ಮೇಜಿನ ಮೇಲಿಡಿ, ಅದರ ಮೇಲೆ ನಕಲ್ ಕೂರಿಸಿ. ನಕಲಿನ ಬೇರೆ ಯಾವ ಭಾಗವೂ ಮೇಜಿಗೆ ತಾಗಿರಬಾರದು, ಅದು ಗಾಳಿಯಲ್ಲಿ ತೂಗುತ್ತಿರಬೇಕು. ಪೈಪಿನ ಅಂಚು ಸೀಲಿಗೂ ತಾಗಬಾರದು. ಹಬ್ಬಿನ ಕುತ್ತಿಗೆಗೆ ಎಣ್ಣೆ ಸವರಿ, ಮೇಲಿನಿಂದ ನೇರವಾಗಿ ಒತ್ತಿ. ಪೂರ್ತಿ ಕೂತ ಮೇಲೆ ಕೈಯಿಂದ ಹಬ್ ತಿರುಗಿಸಿ. ಹೊಸ ಬೇರಿಂಗ್ ಸ್ವಲ್ಪ ಬಿಗಿಯಾಗಿ, ಜೇನಿನಲ್ಲಿ ಚಮಚ ತಿರುಗಿಸಿದ ಹಾಗೆ ಒಂದೇ ಹದದಲ್ಲಿ ತಿರುಗಬೇಕು. ಕಟಕಟ ಎಂದು ಎಡವಿದಂತಾದರೆ ಗುಳಿ ಬಿದ್ದಿದೆ. ಅದನ್ನು ಗಾಡಿಗೆ ಹಾಕಿ ಪರೀಕ್ಷಿಸುವ ಅಗತ್ಯವಿಲ್ಲ.

## 10. ಜೋಡಣೆ ಮತ್ತು ಬಿಗಿತ

ಶಾಫ್ಟಿನ ಹಲ್ಲುಗಳನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ ತೆಳುವಾಗಿ ಗ್ರೀಸ್ ಹಚ್ಚಿ ಹಬ್ಬಿಗೆ ತೂರಿಸಿ. ನಂತರ ಬಾಲ್ ಜಾಯಿಂಟ್, ಸ್ಟ್ರಟ್ ಬೋಲ್ಟ್‌ಗಳು (ಹಳೆಯ ಗೀರಿನ ಗುರುತಿಗೆ ಸರಿಯಾಗಿ), ಟೈ ರಾಡ್, ಸೆನ್ಸರ್. ಡಿಸ್ಕ್ ಕೂರುವ ಹಬ್ಬಿನ ಮುಖದ ತುಕ್ಕು ತೆಗೆಯದೆ ಡಿಸ್ಕ್ ಹಾಕಿದರೆ ಅದು ಕೂದಲೆಳೆಯಷ್ಟು ಓರೆಯಾಗಿ ಕೂತು ಬ್ರೇಕ್ ಒತ್ತಿದಾಗ ಪೆಡಲ್ ನಡುಗುತ್ತದೆ. ಕ್ಯಾಲಿಪರ್ ಹಾಕಿದ ಮೇಲೆ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ.

ಆಕ್ಸಲ್ ನಟ್ಟನ್ನು ಚಕ್ರ ಗಾಳಿಯಲ್ಲಿರುವಾಗಲೇ ಬಿಗಿಸಬೇಕು. ಬಿಚ್ಚುವಾಗ ನೆಲದ ಮೇಲೆ ಬಿಚ್ಚಿದ್ದೇವಲ್ಲ ಎಂದು ಹಾಕುವಾಗಲೂ ಇಳಿಸಿ ಬಿಗಿಸಿದರೆ, ನಟ್ ಇಲ್ಲದ ಹೊಸ ಬೇರಿಂಗಿನ ಮೇಲೆ ಗಾಡಿಯ ಭಾರ ಬಿದ್ದಂತಾಯಿತು. ಹಂತ 3ರ ಎಚ್ಚರಿಕೆ ಇಲ್ಲಿ ಜೀವ ಪಡೆಯುತ್ತದೆ. ಹೊಸ ನಟ್ ಹಾಕಿ, ಮೊದಲು 50 ನ್ಯೂಟನ್ ಮೀಟರ್ ಬಿಗಿಸಿ, ಹಬ್ಬನ್ನು ಹತ್ತು ಸುತ್ತು ತಿರುಗಿಸಿ ಗುಂಡುಗಳು ತಮ್ಮ ಜಾಗ ಹಿಡಿಯಲಿ. ಆಮೇಲೆ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಪೂರ್ತಿ ಟಾರ್ಕ್. ಸಣ್ಣ ಕಾರುಗಳಲ್ಲಿ ಇದು ಬಹುತೇಕ 170ರಿಂದ 220 ನ್ಯೂಟನ್ ಮೀಟರ್ ನಡುವೆ ಇರುತ್ತದೆ. ನಿಮ್ಮ ಮಾದರಿಯ ನಿಖರ ಅಂಕಿಯನ್ನು ಸರ್ವಿಸ್ ಮ್ಯಾನ್ಯುಯಲ್‌ನಿಂದಲೇ ತೆಗೆದುಕೊಳ್ಳಿ. ಕಡಿಮೆಯಾದರೆ ಒಳರಿಂಗುಗಳ ನಡುವೆ ಸಂದು ಉಳಿದು ಪ್ಲೇ ಬರುತ್ತದೆ, ಹೆಚ್ಚಾದರೆ ಬೇರಿಂಗ್ ಬಿಸಿಯಾಗಿ ಗ್ರೀಸ್ ಸುಡುತ್ತದೆ. ಗಾಳಿ ಗನ್ನಿನಲ್ಲಿ ಟರ್ರ್ ಎನ್ನಿಸಿ "ಟೈಟ್ ಆಯ್ತು" ಎನ್ನುವುದು ಅಳತೆಯಲ್ಲ.

ಮಡಚುವ ನಟ್ ಆಗಿದ್ದರೆ ಅಂಚನ್ನು ಮೊಂಡು ಉಳಿಯಿಂದ ಶಾಫ್ಟಿನ ತೋಡಿನೊಳಗೆ ಬಡಿದು ಮಡಚಿ. ಮೊನಚು ಉಳಿಯಾದರೆ ಅಂಚು ಮಡಚುವ ಬದಲು ಹರಿಯುತ್ತದೆ. ಸ್ಪ್ಲಿಟ್ ಪಿನ್‌ನದಾಗಿದ್ದು ತೂತು ಸರಿಹೊಂದದಿದ್ದರೆ ಹಿಂದಕ್ಕೆ ಸಡಿಲಿಸದೆ ಮುಂದಿನ ಸಂದಿಗೆ ಬಿಗಿಸಿ. ಚಕ್ರ ಹಾಕಿ, ಇಳಿಸಿ, ಚಕ್ರದ ನಟ್‌ಗಳನ್ನು ಎದುರುಬದುರಾಗಿ ಬಿಗಿಸಿ.

## 11. ಓಡಿಸಿ ನೋಡುವುದು

ಮೊದಲ ಐದು ಕಿಲೋಮೀಟರ್ 40ರೊಳಗೆ. ನಿಲ್ಲಿಸಿ, ಎರಡೂ ಬದಿಯ ಹಬ್ಬಿನ ಬಿಸಿ ಹೋಲಿಸಿ; ಕೈ ತಾಗಿಸುವ ಮೊದಲು ಹತ್ತಿರ ಹಿಡಿದು ನೋಡಿ, ಡಿಸ್ಕ್ ಸುಡುತ್ತಿರುತ್ತದೆ. ಒಂದು ಬದಿ ಎದ್ದು ಕಾಣುವಷ್ಟು ಬಿಸಿಯಾಗಿದ್ದರೆ ನಟ್ ಹೆಚ್ಚು ಬಿಗಿಯಾಗಿದೆ ಅಥವಾ ಬ್ರೇಕ್ ಹಿಡಿಯುತ್ತಿದೆ. ಎಬಿಎಸ್ ದೀಪ ಉರಿದರೆ ಮೊದಲು ಸೆನ್ಸರ್ ಪ್ಲಗ್ ನೋಡಿ, ಬೇರಿಂಗಿನ ಮುಖದ ಅನುಮಾನ ಆಮೇಲೆ. ನಂತರ 60, 80ರಲ್ಲಿ ಎಡಬಲ ತೂಗಿಸಿ ಕೇಳಿ.

ಸ್ಟ್ರಟ್ ಬೋಲ್ಟ್ ಬಿಚ್ಚಿರುವುದರಿಂದ ಗುರುತಿಗೆ ಸರಿಯಾಗಿ ಕೂರಿಸಿದ್ದರೂ ಅಲೈನ್‌ಮೆಂಟ್ ಮಾಡಿಸಿ, ಇಲ್ಲದಿದ್ದರೆ ಬೇರಿಂಗಿನಲ್ಲಿ ಉಳಿಸಿದ ಕೂಲಿಯನ್ನು ಟೈರು ತಿನ್ನುತ್ತದೆ. 100 ಕಿಲೋಮೀಟರ್ ಆದ ಮೇಲೆ ಚಕ್ರದ ನಟ್‌ಗಳಿಗೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಿಡಿಯಿರಿ. ಆಕ್ಸಲ್ ನಟ್ಟನ್ನು ಮತ್ತೆ ಬಿಗಿಸಬೇಡಿ, ಅದರ ಮಡಿಕೆ ಹಾಗೇ ಇದೆಯೇ ಎಂದು ನೋಡಿದರೆ ಸಾಕು. ಸವೆಸಿ ಸೀಳು ಹಾಕಿದ ಹಳೆಯ ಹೊರರಿಂಗನ್ನು ಗುಜರಿಗೆ ಎಸೆಯದೆ ಉಪಕರಣದ ಡಬ್ಬಿಯಲ್ಲಿಡಿ. ಇನ್ನೊಂದು ಬದಿಯ ಬೇರಿಂಗಿನ ಅಳತೆಯೂ ಅದೇ.